ಎಡ ಮೊಣಕಾಲು

ಹದಿನಾಲ್ಕು ವರ್ಷ ಆಡಿ ಟೀಲೋ ಗ್ರಾಬೋಶ್
ಹೊಡೆದದ್ದು ಎರಡೇ ಗೋಲು;
ಒಂದು ತನ್ನದೇ ಬಲೆಗೆ.
ತ್ಸ್ವಿಕಾವ್ ಊರು ನೆನಪಿಟ್ಟದ್ದು ಅದನ್ನೇ.

ಅಗುಳಿಗೆ ಆರತಿ ಎತ್ತಿದವರುಂಟೆ?
ನವೆಂಬರಿನ ಕೆಸರಿನಲ್ಲಿ ಮಗ್ಗುಲಾಗಿ ಜಾರಿ
ಎದುರಾಳಿಯ ಕಾಲಿಂದ ಚೆಂಡಷ್ಟನ್ನೇ ಕಿತ್ತು ಒಗೆಯುತ್ತಿದ್ದ.
ಆಗದೇ ಹೋದ ಗೋಲುಗಳನ್ನು
ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ;
ಎಡ ಮೊಣಕಾಲು ಮಾತ್ರ ಒಂದನ್ನೂ ಬಿಡದೆ
ಬರೆದಿಟ್ಟುಕೊಂಡಿತು.

ಈಗ ಟ್ರಾಮು ಓಡಿಸುತ್ತಾನೆ.
ಶನಿವಾರ ಮೈದಾನದ ಸ್ಟಾಪಿನಲ್ಲಿ
ಕೆಂಪು ಮಫ್ಲರಿನ ಹುಡುಗರು ನುಗ್ಗುತ್ತಾರೆ, ಬಿಯರು ಚೆಲ್ಲುತ್ತಾರೆ,
ಹಾಳು ಡಿಫೆಂಡರುಗಳನ್ನು ಬೈಯುತ್ತಾರೆ.
ಕನ್ನಡಿಯಲ್ಲಿ ನೋಡುತ್ತಾನೆ; ಏನೂ ಹೇಳುವುದಿಲ್ಲ.

ಮೊನ್ನೆ, ಬಾಗಿಲು ಮುಚ್ಚುವಷ್ಟರಲ್ಲಿ
ಪುಟ್ಟ ಹುಡುಗಿಯೊಬ್ಬಳು ಓಡಿ ಬಂದಳು,
ಕಂಕುಳಲ್ಲಿ ಚೆಂಡು.
ಮೊಣಕಾಲು ಮೊದಲು ಮಿಸುಕಿತು, ಹಳೇ ಚಾಳಿ.
ಆಮೇಲೆ ಬೆರಳು
ಗುಂಡಿ ಒತ್ತಿತು.
ಒಳಗೆ ಬಿಟ್ಟ.