ಗುಂಡಿ ಡಬ್ಬಿ

ಲೀಮಾದಿಂದ ಹೌಹಾಗೆ ಬಸ್ಸಿನಲ್ಲಿ ಏಳೇ ಗಂಟೆ.
ನನಗೆ ಮೂರು ದಿನ.
ಡಾಕ್ಟರ್ ಯಾರಾಂಗೋ, ಹೊರಡುವ ಹಿಂದಿನ ಸಂಜೆ,
ಚೀಟಿಯ ಬೆನ್ನಿಗೆ ಒಂದು ಬೆಟ್ಟ ಬರೆದು
ಅದರ ಸೊಂಟಕ್ಕೆ ಚುಕ್ಕೆ ಇಟ್ಟರು:
"ಇಲ್ಲಿ, ಮತುಕಾನದಲ್ಲಿ, ಎರಡು ರಾತ್ರಿ ತಂಗಿ, ಸೆನ್ಯೋರಾ.
ಎಪ್ಪತ್ತನಾಲ್ಕರ ಎದೆ ಅಷ್ಟೆತ್ತರ ಒಂದೇ ಉಸಿರಿಗೆ ಹತ್ತಬಾರದು."

ನಾನು ಹುಟ್ಟಿದ್ದೇ ಅಲ್ಲಿ, ಅಂದೆ.
ಅವರು ನಕ್ಕರು.
ಹುಟ್ಟಿದ್ದು ಎದೆಗೆ ನೆನಪಿರುವುದಿಲ್ಲವಂತೆ;
ಐವತ್ತೊಂದು ವರ್ಷ ಕಡಲ ಪಕ್ಕ ಉಸಿರಾಡಿದ್ದಷ್ಟೇ ಅದರ ಲೆಕ್ಕ.

ಆ ಐವತ್ತೊಂದೂ ವರ್ಷ ಪರರ ಮದುವೆಯಂಗಿ ಹೊಲಿದವಳು
ನನ್ನ ಪಯಣಕ್ಕೆಂದು ಹೊಲಿದುಕೊಂಡದ್ದು ಇದೊಂದೇ:
ಲಂಗದೊಳಗೆ ಅಂಗೈಯಗಲದ ಕಿಸೆ.
ಅದರಲ್ಲಿ ನೂರೈವತ್ತು ಸೋಲ್, ಅಕ್ಕನ ಫೋನ್ ನಂಬರು,
ರಕ್ತದ ಗುಂಪು, ಮತ್ತೆ ದಪ್ಪಕ್ಷರದಲ್ಲಿ:
ಪೆನಿಸಿಲಿನ್ ಇವಳಿಗೆ ಆಗುವುದಿಲ್ಲ.
ಸತ್ತರೆ ಗುರುತಿಗಾ, ಎಂದಳು ನೆರೆಮನೆಯ ಓಲಿಂಪಿಯಾ.
ಅಲ್ಲ ಮಾರಾಯ್ತಿ, ಬದುಕಿಸುವವರಿಗೆ ಅನುಕೂಲವಾಗಲೆಂದು.

ಮಾತ್ರೆಗಳಿಗೆ ಹಳೆಯ ಗುಂಡಿ ಡಬ್ಬಿ, ಹನ್ನೆರಡು ಮನೆ.
ಬೆಳಗಿಗೆ ಬಿಳಿ, ಇರುಳಿಗೆ ಗುಲಾಬಿ.
ಕೊನೆಯ ಮನೆಯಲ್ಲಿ ಇನ್ನೂ ಒಂದು ಸೂಜಿ;
ಒಕ್ಕಲೆಬ್ಬಿಸಲು ಮನಸ್ಸು ಬರಲಿಲ್ಲ.

ನಿಜ ಹೇಳುತ್ತೇನೆ, ಮೊದಲೆಲ್ಲ ನಾನು ಬಸ್ಸಿನಲ್ಲಿ ನೀರೇ ಮುಟ್ಟುತ್ತಿರಲಿಲ್ಲ.
ಎಲ್ಲಿ ನಿಲ್ಲಿಸು ಎನ್ನುವುದು? ಹೇಗೆ ಎನ್ನುವುದು?
ನನ್ನ ಓರಗೆಯ ಹೆಂಗಸರೆಲ್ಲ ಹೀಗೇ,
ನಾಚಿಕೆಗೆ ಒಣಗುವವರು.
ಹೋದ ವರ್ಷ ಚೋಸಿಕಾ ನಿಲ್ದಾಣದಲ್ಲಿ ತಲೆ ತಿರುಗಿ ಬಿದ್ದೆ;
ಮಂಜು ಕವಿಯುವ ಮೊದಲು ಇವತ್ತಿಗೂ
ಮೊಣಕೈ ಸುದ್ದಿ ಹೇಳುತ್ತದೆ.
ಈ ಸಲ ನೇರ ಡ್ರೈವರನ ಬಳಿಗೇ ಹೋದೆ:
"ಮಗೂ, ನಾನು ನೀರು ಕುಡಿಯುವವಳು, ನೀನು ನಿಲ್ಲಿಸುವವನು."
ಟೋಪಿ ಸರಿಮಾಡಿಕೊಂಡು "ಆಗಲಿ, ಮಾಮಿತಾ" ಅಂದ.
ಇಷ್ಟೇನಾ!
ಇಷ್ಟಕ್ಕೆ ನಲವತ್ತು ವರ್ಷ ಬಾಯಾರಿದ್ದೆನಾ?

ಮತುಕಾನದಲ್ಲಿ ನೋಡಲು ಏನೂ ಇರಲಿಲ್ಲ.
ಸೂಪು, ಮೂನ್ಯಾ ಸೊಪ್ಪಿನ ಕಷಾಯ, ನದಿಯ ಸದ್ದು.
ಮಂಚದಿಂದ ಬಚ್ಚಲಿಗೆ ಹನ್ನೊಂದು ಹೆಜ್ಜೆ, ನಡುವೆ ಒಂದು ಕಳ್ಳ ಮೆಟ್ಟಿಲು.
ಇರುಳು ಬೀಳಬಹುದಾದ ಬಾವಿಯನ್ನು
ಹಗಲೇ ನೋಡಿಟ್ಟುಕೊಂಡೆ.

ಮೂರನೆಯ ಬೆಳಿಗ್ಗೆ ಟಿಕ್ಲಿಯೋ.
ಬಸ್ಸು ನಿಂತದ್ದೇ ತಡ, ಹಿಮದಲ್ಲಿ ಫೋಟೋಕ್ಕೆಂದು
ಹುಡುಗರು ಇಳಿದೋಡಿದರು.
ನಾನು ಏಳಲಿಲ್ಲ.
ಇದೇ ಇಳಿಜಾರಿನಲ್ಲಿ ಅಪ್ಪನ ಲಾಮಾಗಳ ಹಿಂದೆ
ಬಾಯಿತುಂಬ ಹುರಿದ ಜೋಳ, ಬರಿಗಾಲು, ಓಡಿದವಳೊಬ್ಬಳಿದ್ದಳು.
ಅವಳೆಲ್ಲಿ ಎಂದು ಬೆಟ್ಟ ಕೇಳಲೂ ಇಲ್ಲ.
ಬೆರಳ ತುದಿ ತಣ್ಣಗೆ. ಕಿವಿಯೊಳಗೆ ಹೊಲಿಗೆ ಯಂತ್ರ.
ಪೆಡಲ್ ನಿಧಾನ, ಹೆರ್ಮೆಲಿಂದಾ, ನಿಧಾನ,
ಇದು ರೇಷ್ಮೆ, ಎಳೆದರೆ ಸೀಳುತ್ತದೆ.
ಉಸಿರು ಇದ್ದಷ್ಟೇ ಕಾಲು ಚಾಚು.
ನನ್ನ ಉಸಿರಿಗೆ ಕಿಟಕಿ ಮಸುಕಾಯಿತು.
ಒರೆಸಲಿಲ್ಲ.
ಎಷ್ಟಿದೆ ಎಂದು ನೋಡುತ್ತ ಕೂತೆ.

ಹೌಹಾದಲ್ಲಿ ಅಕ್ಕ ಸಬೀನಾ ಗೋಡೆಗೊರಗಿ ನಿಂತಿದ್ದಳು.
"ನನಗೆ ಎಂಬತ್ತು ತುಂಬಿ ಎರಡು ದಿನವಾಯಿತು" ಅಂದಳು, ಮುಖ ತಿರುಗಿಸಿ.
"ತಡವಾಯಿತು. ಆದರೆ ಇಡಿಯಾಗಿ ಬಂದೆ."
ಆಮೇಲೆ ಅವಳ ಕೈ ನನ್ನ ತೋಳು, ಹೆಗಲು, ಬೆನ್ನು ತಡವಿ
ಮಾತು ನಿಜವೇ ಎಂದು ಪರೀಕ್ಷಿಸಿತು.

ಇರುಳು ಡಬ್ಬಿ ತೆರೆದಾಗ ಅವಳ ಮಬ್ಬುಗಣ್ಣು ಅರಳಿತು.
ಗುಲಾಬಿ ಮಾತ್ರೆಯೊಂದನ್ನು ಎತ್ತಿ
ತನ್ನ ಅಂಗಿಯಲ್ಲಿ ಗುಂಡಿ ಕಿತ್ತುಹೋದ ಜಾಗಕ್ಕೆ ಹಿಡಿದು
"ಇದೇ ಒಪ್ಪುತ್ತದೆ, ಹೊಲಿದುಕೊಡು" ಅಂದಳು.

ಸೂಜಿ ಇತ್ತು.
ನೂಲು ಮಾತ್ರ ತಂದಿರಲಿಲ್ಲ.