ತೊಳೆದ ಮಚ್ಚು

ಮಂಡ್ಯದ ಸೆಷನ್ಸ್ ಕೋರ್ಟಿನಲ್ಲಿ ಟೈಪಿಸ್ಟು ನಾನು;
ಹೇಳಿದ್ದನ್ನು ಹೊಡೆಯುವುದಷ್ಟೇ ಕೆಲಸ.

"ಭಾವನನ್ನು ಕಡಿದ ಮೇಲೆ
ಮಚ್ಚು ತೊಳೆದೆಯಾ, ದ್ಯಾವಣ್ಣ?"
"ತೊಳುದೆ ಬುದ್ಧಿ."
"ಯಾಕೆ?"
"ಕಬ್ಬಿನಾಲು ಅಂಟ್ಕಂಡ್ರೆ ತುಕ್ಕಿಡೀತದೆ."

ತಿಳಿದೇ ಮಾಡಿದ, ಎಂದರು ಸರ್ಕಾರಿ ವಕೀಲರು.
ರಕ್ತವೇ ಕಾಣಲಿಲ್ಲ ಅವನಿಗೆ, ಎಂದರು ಇವರು,
ಎಂಬತ್ತನಾಲ್ಕನೇ ಕಲಮಿನ ಪುಟಕ್ಕೆ ಬೆರಳಿಟ್ಟು.
ಡಾಕ್ಟರ ವರದಿಯಲ್ಲಿ
ಆ ಸಂಜೆ ಇರಲಿಲ್ಲ;
ತಿಂಗಳಾಚೆಯ ಒಂದು ಮಂಗಳವಾರವಿತ್ತು.

ಆಮೇಲೆ ಅವನು ನಕ್ಕ.
ಯಾವ ಕೀಲಿಯಲ್ಲಿದೆ ಆ ನಗು?
ಕಂಸ ಹಾಕಿದೆ, ತೆಗೆದೆ,
ಒಂದು ಸಾಲು ಖಾಲಿ ಬಿಟ್ಟೆ.

ರಾತ್ರಿ ಈರುಳ್ಳಿ ಹೆಚ್ಚಿ
ಈಳಿಗೆಮಣೆ ತೊಳೆಯುತ್ತಿದ್ದೆ.
ಎಷ್ಟು ಸಲ ತೊಳೀತೀಯಮ್ಮ,
ಅಂದಳು ಮಗಳು.