ಮೊಳ

ಸಂಜೆ ಆರೂವರೆಗೆ ರಾಜ್ಯಶಾಸ್ತ್ರ. ಕೋಟೆ ಹಿಂದಿನ ಬೀದಿ,
ಎರಡನೇ ಮಹಡಿ. ಕಲಾಸಿಪಾಳ್ಯದ ಹಾರನ್ನಿಗೆ ಹೆದರಿ
ಕಿಟಕಿ ಮುಚ್ಚಿದ್ದೇನೆ. ಫ್ಯಾನು
ಹೆಸರಿಗೆ ತಿರುಗುತ್ತಿದೆ.
‘ಇದೇ ಥರ,’ ಎಂದೆ, ‘ಫಿಲಡೆಲ್ಫಿಯಾದಲ್ಲೂ.
ಸಾವಿರದ ಏಳುನೂರ ಎಂಬತ್ತೇಳರ ಬೇಸಿಗೆ.
ಒಳಗಿನ ಮಾತು ಹೊರಗೆ ಹೋಗದಿರಲೆಂದು
ಕಿಟಕಿ ಜಡಿದು, ದಪ್ಪ ಕೋಟಿನೊಳಗೆ ಬೆವೆತು
ಸಂವಿಧಾನ ಬರೆದರು.’

ಕೊನೇ ಬೆಂಚಿನ ಜಬೀವುಲ್ಲಾ,
ಹಿತ್ತಾಳೆ ಪಾಲಿಶಿನ ಕಪ್ಪು ಇನ್ನೂ ಉಗುರಲ್ಲಿ:
‘ಹೊರಗಡೆ ಯಾರಿದ್ರು ಸಾರ್?’

ಅದು ಸಿಲಬಸ್ಸಿನಲ್ಲಿಲ್ಲ.
ಹಾಗಾಗಿ ಹಿಂದಕ್ಕೆ ಹೋದೆ, ಹಡಗಿನ ಕಾಲಕ್ಕೆ.
ಅಲ್ಲಿಗೂ ಮೊದಲು ಹೋದದ್ದು ಒಂದು ಕಂಪನಿಯೇ.
ದೊರೆಯ ಸನ್ನದು, ಲಂಡನ್ನಿನ ಷೇರುದಾರರು,
ಹೊಗೆಸೊಪ್ಪಿನ ಆಸೆ.
ವರ್ಜೀನಿಯಾದಲ್ಲಿ ಒಂದು ಬೇಸಿಗೆ
ಮೊದಲ ಶಾಸನಸಭೆ ಚರ್ಚಿನೊಳಗೆ ಕೂತಿತು.
ಅದೇ ಬೇಸಿಗೆ, ಕೆಲವೇ ವಾರಕ್ಕೆ,
ಹಿಡಿದು ತಂದ ಮನುಷ್ಯರನ್ನು ಹಡಗು ಇಳಿಸಿತು.
ಎರಡನ್ನೂ ಒಂದೇ ಸಾಲಲ್ಲಿ ಬರೆದೆ ಹಲಗೆಯ ಮೇಲೆ.
ಸೀಮೆಸುಣ್ಣ ನಡುವೆ ಮುರಿಯಿತು.

ಆಮೇಲೆ ಟೀ. ಎಲ್ಲರಿಗೂ ಎಚ್ಚರ ಬರುವ ಜಾಗ.
‘ಸಮುದ್ರಕ್ಕೆ ಎಸೆದ ಆ ಪೆಟ್ಟಿಗೆ ಈಸ್ಟ್ ಇಂಡಿಯಾ ಕಂಪನಿದು,
ನಮ್ಮನ್ನು ಆಳಿತಲ್ಲ, ಅದೇ.
ನಮ್ಮ ಪ್ರತಿನಿಧಿ ಇಲ್ಲದ ಸಭೆಗೆ
ನಾವು ಯಾಕೆ ತೆರಿಗೆ ಕೊಡಬೇಕು ಅಂದರು.’
ದೊರೆರಾಜ್ ನಕ್ಕ. ‘ನಮ್ಮ ವಾರ್ಡಿಗೆ ಕಾರ್ಪೊರೇಟರೇ ಇಲ್ಲ ಸಾರ್,
ಎಷ್ಟು ವರ್ಷ ಆಯ್ತೋ. ಕಂದಾಯ ಮಾತ್ರ ಕಟ್ತಾನೇ ಇದೀವಿ.
ನಾವೇನು ಎಸೆಯೋದು, ಎಲ್ಲಿಗೆ?
ಬೆಳ್ಳಂದೂರಿಗೆ ಎಸೆದ್ರೆ
ನೊರೆ ಇನ್ನಷ್ಟು ಮೇಲೆ ಬರುತ್ತೆ, ಅಷ್ಟೇ.’

ನಗು ಇಳಿಯಲೆಂದು ಕಿಟಕಿ ಒಂದಿಷ್ಟು ತೆರೆದೆ.
ಕೋಟೆಯ ಗೋಡೆ ಕಂಡಿತು, ಬಸ್ಸಿನ ತಲೆಗಳಾಚೆ.
ಅಲ್ಲಿ ಸೋತ ಲಾರ್ಡು ಮೈಗೆ ಹುಷಾರಿಲ್ಲವೆಂದು
ಕತ್ತಿ ಒಪ್ಪಿಸಲು ಇನ್ನೊಬ್ಬನನ್ನು ಕಳಿಸಿದ್ದ.
ಹತ್ತು ವರ್ಷ ತುಂಬುವ ಮೊದಲೇ
ಹುಷಾರಾಗಿ ಇಲ್ಲಿಗೆ ಬಂದ,
ಬೆಳದಿಂಗಳಲ್ಲಿ ಆ ಗೋಡೆ ಒಡೆಸಿದ.
ಒಡೆದ ಜಾಗಕ್ಕೊಂದು ಕಲ್ಲು ಇದೆ, ತಾರೀಖಿನ ಸಮೇತ.
ಅವರ ಬಿಡುಗಡೆಯ ಚಿಲ್ಲರೆ
ನಮ್ಮ ಪೇಟೆಯಲ್ಲಿ ವಸೂಲಾಯಿತೇ?
ಇದನ್ನು ಜೋರಾಗಿ ಹೇಳಲಿಲ್ಲ. ಗೆಸ್ಟ್ ಲೆಕ್ಚರರ್ ನಾನು,
ಐದು ತಿಂಗಳ ಸಂಬಳ ಬಾಕಿ.

ಕೊನೆಗೆ ಆ ಲೆಕ್ಕ ಬಂತು. ಬರಲೇಬೇಕಿತ್ತು.
ಯಾವ ರಾಜ್ಯಕ್ಕೆ ಎಷ್ಟು ಸೀಟು, ಎಷ್ಟು ತೆರಿಗೆ,
ತಲೆ ಎಣಿಸುವಾಗ ಗುಲಾಮರನ್ನು ಏನೆಂದು ಎಣಿಸುವುದು?
‘ಐವರಿಗೆ ಮೂವರು,’ ಎಂದೆ. ‘ಹಾಗೆ ಬರೆದರು.
ಗುಲಾಮ ಅನ್ನುವ ಪದ ಮಾತ್ರ ಬರೆಯಲಿಲ್ಲ.’

ಪಿಳ್ಳಮುನಿಯಮ್ಮ ಅಲ್ಲಿವರೆಗೆ ಬಾಯಿ ತೆರೆದವಳಲ್ಲ.
ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಮೂರಕ್ಕೆ ಹೂವು ಎತ್ತಿ
ಸಂಜೆ ಇಲ್ಲಿ ತೂಕಡಿಸುವವಳು.
ಕೈ ಮುಂದೆ ಚಾಚಿದಳು, ಮೊಣಕೈಯಿಂದ ಬೆರಳತುದಿಗೆ
ಇಲ್ಲದ ಕನಕಾಂಬರ ಎಳೆದು ಅಳೆದಳು.
‘ಮೊಳಕ್ಕೆ ಎರಡು ಬೆರಳು ಕಮ್ಮಿ ಮಾಡಿದ್ರೆ
ಗಿರಾಕಿ ನಮ್ಮ ವಂಶ ಎಲ್ಲಾ ಬೈತಾರೆ ಸಾರ್.
ಇವ್ರಿಗೆ ಯಾರು ಬೈದ್ರು?’

‘ಬೈದರು,’ ಎಂದೆ. ‘ತಡವಾಗಿ. ಯುದ್ಧ ಆಯ್ತು.’
‘ಅಷ್ಟೊತ್ತಿಗೆ ಹೂವು ಬಾಡಿರುತ್ತೆ,’ ಅಂದಳು.
ನನ್ನ ನೋಟ್ಸಿನಲ್ಲಿ ಇದಕ್ಕೆ ಎರಡು ಅಂಕದ ಉತ್ತರವಿದೆ.
ಓದಲಿಲ್ಲ.

ಎಂಟಕ್ಕೆ ಕರೆಂಟು ಹೋಯಿತು. ಮೊಬೈಲಿನ ಬೆಳಕಿನಲ್ಲಿ ಹಾಜರಿ.
ಹಿಂದಿನ ಗುಮಾಸ್ತ ಅವಳ ಹೆಸರನ್ನು
‘ಪಿ. ಮುನಿ’ ಎಂದಷ್ಟೇ ಕತ್ತರಿಸಿ ಬರೆದಿದ್ದ,
ಮನೆ ಸಾಲದೆಂದು.
ಹೊಡೆದುಹಾಕಿ ಪೂರ್ತಿ ಬರೆದೆ.
ಅಕ್ಷರ ಗೆರೆ ದಾಟಿ
ಒಂದನೇ ತಾರೀಖಿನ ಮೇಲೆ, ಎರಡರ ಮೇಲೆ ಹರಿಯಿತು.
ಈ ತಿಂಗಳ ಹಾಜರಿ ಎಲ್ಲಿ ಹಾಕಲಿ ಈಗ?